ಕುಷ್ಟಗಿಗೆ ಬಂದ ಸಮುದ್ರ

ಪಹಣಿಯ ಝೆರಾಕ್ಸ್ ಮಾಡಿಸಲು ದೇವೇಂದ್ರಪ್ಪ ಬಾಬಾಸಾಬನ ಅಂಗಡಿಯಲ್ಲಿ ನಿಂತಿದ್ದ. ಏಳನೇ ಕ್ಲಾಸಿನ ಟೀಚರ್ ಶಿವಬಸಮ್ಮ ದಡದಡ ಮೆಟ್ಟಿಲು ಹತ್ತಿ ಬಂದು, ಹಾಳೆಗಳ ಕಟ್ಟೊಂದನ್ನು ಕೌಂಟರಿಗೆ ಬಡಿದರು. ಆ ಸಿಟ್ಟು ನೋಡಿ ದೇವೇಂದ್ರಪ್ಪ ತಾನಾಗಿಯೇ ಪಕ್ಕಕ್ಕೆ ಸರಿದ.

“ಬಾಬಾಸಾಬ್ರ, ಇದನ್ನ ಓದ್ರಿ. ಜೋರಾಗಿ ಓದ್ರಿ.”

“‘ನಮ್ಮ ಊರು ಸಮುದ್ರ ತೀರದಲ್ಲಿದೆ...’”

“ಕುಷ್ಟಗ್ಯಾಗ ಎಲ್ಲೈತ್ರಿ ಸಮುದ್ರ? ಮೂವತ್ತೆಂಟು ಹುಡುಗ್ರೂ ಇದನ್ನ ತಂದಾರ!”

“ಊರಿನ ಪ್ರಾಜೆಕ್ಟ್ ಬೇಕಂತ ಹುಡುಗ್ರು ಬಂದ್ರು ಅಕ್ಕಾರ. ನೆಟ್ಟಿನ್ಯಾಗ ಸಿಕ್ಕಿದ್ದನ್ನ ತಗದು ಕೊಟ್ಟೆ.”

“ಒಂದು ತಿಂಗಳು ಲೈಬ್ರರ್ಯಾಗ ಕುಂದ್ರಿಸಿ ಕಲಿಸೀನಿ. ಎರಡು ಪುಸ್ತಕ ನೋಡ್ರಿ, ಇಬ್ಬರು ಹಿರ್ಯಾರನ್ನ ಕೇಳ್ರಿ, ಯಾರು ಹೇಳಿದ್ರು ಅಂತ ಕೆಳಗ ಬರೀರಿ ಅಂತ. ಎಲ್ಲಾ ಮಣ್ಣಗೂಡಿಸಿದ್ರಿ!”

“ನನ್ನ ಮಗಳು ಮುಬಾಶಿರಾ ಹೋದ ವರ್ಷ ನಿಮ್ಮ ಕ್ಲಾಸಿನ್ಯಾಗ ಇದ್ಲಲ್ರಿ?” ಬಾಬಾಸಾಬನ ದನಿಯೂ ಏರಿತು. “ಅವರಜ್ಜೀನ್ನ ಕೇಳಿ, ಓಣ್ಯಾಗಿನ ಮುದುಕರನ್ನ ಕೇಳಿ, ಊರ ಬಾವಿ ಬಗ್ಗೆ ಕೈಲೆ ಹನ್ನೊಂದು ಹಾಳಿ ಬರದಿದ್ಲು. ಹತ್ತಕ್ಕ ಎಷ್ಟು ಕೊಟ್ರಿ?”

ಟೀಚರ್ ಕೌಂಟರಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದರು.

“ನಾಕು! ನೀಟಿಲ್ಲ, ಕಲರ್ ಚಿತ್ರ ಇಲ್ಲ ಅಂತ ಕೆಂಪು ಶಾಯಿಲೆ ಬರದ್ರಿ. ಪ್ರಿಂಟ್ ತಂದವ್ರಿಗೆ ಒಂಬತ್ತು ಕೊಟ್ರಿ. ಅದನ್ನ ನೋಡೇ ನಾ ಈ ಕಲರ್ ಮಷಿನ್ ತಂದೀನಿ.”

ಶಿವಬಸಮ್ಮನ ದನಿ ಇಳಿಯಿತು. “ಆಕಿ ಬರದಿದ್ದು ಇನ್ನೂ ಐತೇನ್ರಿ?”

“ಒಲಿಗೆ ಹಾಕಿದ್ಲ್ರಿ. ನಿಮ್ಮ ಮಾರ್ಕ್ಸ್ ನೋಡಿದ ದಿನಾನ.”

ಶಿವಬಸಮ್ಮ ಕಟ್ಟನ್ನು ಎತ್ತಿಕೊಂಡು ಮೆಟ್ಟಿಲಿಳಿದರು. ಬಾಬಾಸಾಬ ಇನ್ನೂ ಏದುಸಿರು ಬಿಡುತ್ತಲೇ ದೇವೇಂದ್ರಪ್ಪನ ಕಡೆ ತಿರುಗಿದ.

“ನಿಮಗೆಷ್ಟು ಕಾಪಿ ಬೇಕ್ರಿ?”