ಹಾಲವ್ವನ ಮಿರ್ಚಿ

ಕಂದೀಲು ಸ್ವಲ್ಪ ಸಣ್ಣದು ಮಾಡಿ. ಇದನ್ನು ಜೋರಾಗಿ ಹೇಳುವಂತಿಲ್ಲ… ನಮ್ಮ ಹಿತ್ತಲಿನಾಚೆಯ ಮನೆಯ ವಾದಿರಾಜನಿಗೆ ಆದದ್ದು ಇದು. ಕಟ್ಟುಕತೆ ಬೇಕಾದವರು ಎದ್ದು ಹೋಗಿ ಮಲಗಬಹುದು.

ಎಂಬತ್ತನಾಲ್ಕನೆಯ ಇಸವಿ. ಮೈ ನಡುಗಿಸುವ ಚಳಿ. ಶಿಗ್ಗಾಂವಿಯಿಂದ ಬಂದ ಕೊನೆಯ ಬಸ್ಸು ಹಾನಗಲ್ಲಿನಲ್ಲಿ ಅವನೊಬ್ಬನನ್ನೇ ಇಳಿಸಿ ಧೂಳೆಬ್ಬಿಸಿ ಹೋಯಿತು. ಬೋಳಿಸಿದ ತಲೆ, ಬರಿಗಾಲು, ಒಂದು ಧೋತರ, ಒಂದು ಶಲ್ಯ. ಅಪ್ಪನ ಕರ್ಮಕ್ಕೆ ಕೂತ ಮಗ ಕತ್ತಲಾದ ಮೇಲೆ ಹೊಸ್ತಿಲು ದಾಟಬಾರದು ಅನ್ನುತ್ತಾರೆ. ಇವನು ಹೊಸ್ತಿಲಷ್ಟೇ ಅಲ್ಲ, ತಾಲೂಕನ್ನೇ ದಾಟಿ ಬಂದಿದ್ದ. ಅದೂ ಬರಿಗೈಯಲ್ಲಿ. ಹೋದದ್ದು ಯಾತಕ್ಕೆ ಅಂತೀರಿ? ಮಿರ್ಚಿಗೆ. ಮೆಣಸಿನಕಾಯಿ ಬಜ್ಜಿಗೆ.

ಬಸ್‌ಸ್ಟ್ಯಾಂಡಿನಿಂದ ಅವನ ಮನೆಗೆ ಹೋಗುವವರು ಆಲದಮರದ ಬಾವಿಯನ್ನು ದಾಟಲೇಬೇಕು. ಹಗಲಲ್ಲೇ ಅಲ್ಲಿ ಮಬ್ಬು. ವಾದಿರಾಜನಿಗೆ ಆ ಹೊತ್ತಿನಲ್ಲಿ ಹೆದರಿಕೆಗೂ ಪುರುಸೊತ್ತಿರಲಿಲ್ಲ. ಬೈಯುತ್ತ ನಡೆದಿದ್ದ. ಬಸ್ಸಿಗೆ ಬೈದ, ಕಾಗೆಗೆ ಬೈದ, ಸತ್ತ ಅಪ್ಪನಿಗೂ ಬೈದ. ಬೈದು ಕೆನ್ನೆ ಬಡಿದುಕೊಂಡ. ಮತ್ತೆ ಬೈದ.

ಯಾಕೆ ಅಂತ ಹೇಳುತ್ತೇನೆ, ಕೇಳಿ.

ಅವನ ಅಪ್ಪ ವೆಂಕಟೇಶಾಚಾರ್ಯರು ಊರಿಗೆಲ್ಲ ಪುರಾಣ ಹೇಳುವವರು. ಅವರ ಮಡಿ ಎಂದರೆ ಮಡಿ. ಮನೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿಯ ಹೆಸರನ್ನೂ ಎತ್ತುವಂತಿರಲಿಲ್ಲ. ಊಟಕ್ಕೆ ಕೂತರೆ ಒಂದೇ ಒಂದು ಚಾಳಿ. ಕರಿದ ಬಾಳಕದ ಮೆಣಸಿನಕಾಯಿ ತಿಂದು, ಅದರ ತೊಟ್ಟುಗಳನ್ನು ಎಲೆಯ ಅಂಚಿಗೆ ಒಂದರ ಪಕ್ಕ ಒಂದು, ಅಳೆದು ಇಟ್ಟಂತೆ ಸಾಲಾಗಿ ಇಡುವುದು. ಪುರಾಣದ ಸಾಲು ಎಲೆಯ ಮೇಲೂ ಬರೀತಾರ ಅಂತ ಹೆಂಡತಿ ತುಳಸಾಬಾಯಿ ನಗುತ್ತಿದ್ದರು.

ಅಂಥವರು ಹೋದರು. ಹತ್ತನೆಯ ದಿನ ಕೆರೆಯ ದಂಡೆಯಲ್ಲಿ ಪಿಂಡ ಇಟ್ಟರು. ಸತ್ತವರಿಗೆ ಏನಾದರೂ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ, ನಿಮಗೆ ಗೊತ್ತಲ್ಲ. ಆ ಆಸೆ ತೀರಿಸುತ್ತೇನೆಂದು ಮಗ ಮಾತು ಕೊಟ್ಟರೆ ಇಳಿದು ಬರುತ್ತದೆ. ವಾದಿರಾಜ ಕೈಮುಗಿದು ನಿಂತು ಕೊಟ್ಟೇ ಕೊಟ್ಟ. ಅವ್ವನನ್ನು ಕಾಶಿಗೆ ಕರೆದೊಯ್ಯುತ್ತೇನೆ ಅಂದ. ತಂಗಿ ಸುಮನ್‌ಳ ಲಗ್ನ ಬರುವ ವೈಶಾಖದಲ್ಲೇ ಮಾಡುತ್ತೇನೆ ಅಂದ. ನೀವು ಅರ್ಧಕ್ಕೆ ಬಿಟ್ಟ ಪುರಾಣದ ಟೀಕೆಯನ್ನು ಅಚ್ಚು ಹಾಕಿಸುತ್ತೇನೆ ಅಂದ. ಕಾಗೆ ಹುಣಸೆಯ ಟೊಂಗೆಗೆ ಕೊಕ್ಕು ತಿಕ್ಕಿಕೊಂಡು ಕೂತಿತು. ಬಿಸಿಲೇರಿತು. ಕೂತೇ ಇತ್ತು.

ಕಡೆಗೆ ಪುರೋಹಿತರು ದರ್ಭೆಯಲ್ಲೇ ಒಂದು ಕಾಗೆ ಮಾಡಿ, ಅದರಿಂದ ಪಿಂಡ ಮುಟ್ಟಿಸಿ, ಶಾಸ್ತ್ರಕ್ಕೆ ಇಷ್ಟು ಸಾಕು ಎಂದು ಕೈತೊಳೆದುಕೊಂಡರು. ತುಳಸಾಬಾಯಿಗೆ ಸಾಕಾಗಲಿಲ್ಲ.

"ದರ್ಭಿ ಕಾಗಿಗೆ ಹೊಟ್ಟಿ ಎಲ್ಲಿರ್ತದೋ, ವಾದಿ? ಖರೆ ಕಾಗಿ ಮುಟ್ಟಲಿ. ಅಲ್ಲೀತನಕಾ ನಾ ಉಣ್ಣಂಗಿಲ್ಲ."

ಅಂದವರು ನಿಜವಾಗಿಯೂ ಉಣ್ಣಲಿಲ್ಲ. ಮರುದಿನ ಮತ್ತೆ ಅನ್ನ ಇಟ್ಟರು, ಕಾಗೆ ಮತ್ತೆ ಮುಟ್ಟಲಿಲ್ಲ. ಅವ್ವ ಗೋಡೆಗೆ ಒರಗಿ ಕೂತಲ್ಲೇ ಬಾಡತೊಡಗಿದಳು. ಅಪ್ಪ ಹೋದ ಬೆನ್ನಿಗೇ ಅವ್ವನೂ ಹೋಗುತ್ತಾಳೆಂದು ವಾದಿರಾಜ ಹೆದರಿದ. ಅಳು ಬರಲಿಲ್ಲ ಅವನಿಗೆ, ಸಿಟ್ಟು ಬಂತು. ಇನ್ನೇನು ಕೊಡಬೇಕು ಈ ಮನುಷ್ಯನಿಗೆ ಎಂದು ಅಡುಗೆಮನೆಯ ಬಾಗಿಲಲ್ಲೇ ಕೂಗಾಡಿದ. ಆಗ ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಕಾಶಿ ಗೀಶಿ ಬಿಡು. ಅವರಿಗೆ ಹಾಲವ್ವನ ಮಿರ್ಚಿ ಬೇಕಾಗೇದ."

ವಾದಿರಾಜ ಹೋಗಿ ಅವಳೆದುರು ಕೂತ.

"ಇಷ್ಟು ವರ್ಷ ಅವರ ಶಲ್ಯ ಒಗದೇನಿ. ನನಗ ವಾಸನಿ ತಿಳಿಯಂಗಿಲ್ಲೇನು? ನಾ ಕೇಳಲಿಲ್ಲ, ಅವರು ಹೇಳಲಿಲ್ಲ. ಆಕಿ ಅಂಗಡಿ ಮುಚ್ಚಿದ ದಿನಾ ಉಪವಾಸ ಮಲಗಿದ್ರು. ಏಕಾದಶಿನೂ ಅಲ್ಲ, ಏನೂ ಅಲ್ಲ."

ಅಂಗಡಿ ಮುಚ್ಚಿತ್ತು. ಈ ಮಾತು ಬಂದರೆ ನನಗೂ ಹೊಟ್ಟೆ ಉರಿಯುತ್ತದೆ. ಏನು ಊರಾಗಿತ್ತು ಇದು. ಟೆಂಟ್ ಟಾಕೀಸಿನ ಬಾಗಿಲಲ್ಲಿ ಮೆಹಬೂಬ ಸವಣೂರಿನ ಕುರುಕಲು ಖಾರ ಮಾರುತ್ತಿದ್ದ, ಟಾಕೀಸು ಕಿತ್ತುಹೋಯಿತು, ಅವನೂ ಗಂಟು ಕಟ್ಟಿದ. ಗುತ್ತೆಪ್ಪನ ಅಂಗಡಿಯ ಚಹಾ ಬಸಿಗೆ ಸುರಿದು ಹೀರಿದರೆ ಬೆಳಗಿನ ಜಡವೆಲ್ಲ ಬಿಡುತ್ತಿತ್ತು. ಈಗ ಅಲ್ಲಿ ಬ್ಯಾಂಕಿನ ಮೆಟ್ಟಿಲು. ಇನ್ನು ಹಾಲವ್ವ… ಆಲದಮರದ ಬುಡಕ್ಕೆ, ಬಾವಿಯ ಮಗ್ಗುಲಿಗೆ ಅವಳ ಹಲಗೆ ಬಾಗಿಲಿನ ಅಂಗಡಿ. ಮೆಣಸಿನಕಾಯಿಯ ಹೊಟ್ಟೆ ಸೀಳಿ, ಹುಣಸೆ, ಜೀರಿಗೆ, ಉಪ್ಪು ಅರೆದು ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ, ಶೇಂಗಾ ಎಣ್ಣೆಗೆ ಬಿಡುತ್ತಿದ್ದಳು. ಅದೇ ಎಣ್ಣೆಯಲ್ಲಿ ಉಳ್ಳಾಗಡ್ಡಿ ಬಜ್ಜಿಯನ್ನೂ ಕರಿಯುತ್ತಿದ್ದಳು, ಅದಕ್ಕೇ ಆ ರುಚಿ. ಜಾಗದ ಧಣಿ ಮಾರಿಕೊಂಡ. ಕರಬಸಪ್ಪ ಕೊಂಡು ರಸಗೊಬ್ಬರದ ಚೀಲ ಒಟ್ಟಿದ. ಹಾಲವ್ವ ಕಡಾಯಿ ಹೊತ್ತುಕೊಂಡು ಹಿರೇಬೆಂಡಿಗೇರಿಯ ಮಗಳ ಮನೆಗೆ ಹೋದಳು. ಊರು ಸುಧಾರಿಸಿತು ಅಂದರು ಎಲ್ಲರೂ. ಯೂರಿಯಾ ಕರಿದು ತಿನ್ನಲಿಕ್ಕೆ ಬರುತ್ತದೆಯೇ?

ವಾದಿರಾಜ ಮೊದಲು ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನ ಮಿರ್ಚಿ ತರಿಸಿ ಇಟ್ಟ. ಕಾಗೆ ಇಳಿಯಿತು. ಕುತ್ತಿಗೆ ಓರೆ ಮಾಡಿ ನೋಡಿತು. ಹಾರಿ ಹೋಯಿತು. ಸೋಡಾ ಜಾಸ್ತಿಯಾಗಿದೆ ಎಂದು ಕಾಗೆಗೂ ತಿಳಿಯಿತು.

ಆಮೇಲೆ ಅವನು ಯಾರ ಮಾತನ್ನೂ ಕೇಳದೆ ಬಸ್ಸು ಹತ್ತಿದ. ಬೋಳುತಲೆ ನೋಡಿ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಹಿರೇಬೆಂಡಿಗೇರಿ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಹಾಲವ್ವನ ಮಗಳು ಶಂಕ್ರವ್ವನ ಮನೆಗೆ ಕೀಲಿ. ನೆರೆಮನೆಯ ಮುದುಕಿ ಇಮಾಮಬಿ, ಎಲ್ಲರೂ ಮುಂಜಾನೆಯೇ ಅಬಲೂರಿಗೆ ಹೋದರು ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು ಇನ್ನೇನೋ ಹೇಳಲು ಬಾಯಿ ತೆರೆದಳು. ಇವನಿಗೆ ಕೊನೆಯ ಬಸ್ಸಿನ ಚಿಂತೆ. ತಿರುಗಿ ಓಡಿದ.

ಹಾಗೆ ಬಂದವನು ಈಗ ಆಲದಮರದ ಬಾವಿಯ ಹತ್ತಿರ ಬಂದ.

ಟುಸ್ಸ್… ಟುಸ್ಸ್… ಟುಸ್ಸ್…

ಸ್ಟೋವಿಗೆ ಗಾಳಿ ಹೊಡೆಯುವ ಸಪ್ಪಳ. ನಿಂತ. ನಾಯಿ ಸಹ ಬೊಗಳುತ್ತಿಲ್ಲ. ಮೇಲೆ ಒಂದು ಎಲೆಯೂ ಅಲುಗುತ್ತಿಲ್ಲ… ಸ್ಟೋವು ಬುರ್ರೆಂದು ಹತ್ತಿಕೊಂಡಿತು. ಆಮೇಲೆ ಚುಂಯ್… ಕಾದ ಎಣ್ಣೆಗೆ ಹಸಿ ಹಿಟ್ಟು ಬಿದ್ದ ಸಪ್ಪಳ. ಅದರ ಹಿಂದೆಯೇ ಆ ವಾಸನೆ.

ಗೊಬ್ಬರದ ಅಂಗಡಿಯ ಒಂದು ಹಲಗೆ ತೆಗೆದಿತ್ತು. ಒಳಗೆ ಮಿಣುಕು ಬೆಳಕು. ತಲೆತುಂಬ ಸೆರಗು ಹೊದ್ದು, ಇವನಿಗೆ ಬೆನ್ನು ಮಾಡಿ ಹಾಲವ್ವ ಕೂತಿದ್ದಳು. ವಾದಿರಾಜನಿಗೆ ಎಷ್ಟು ಹಿಗ್ಗಾಯಿತೆಂದರೆ, ಅಬಲೂರಿಗೆ ಹೋದವಳು ಇಲ್ಲಿಗೆ ಹೇಗೆ ಬಂದಳೆಂದು ಕೇಳುವ ಬುದ್ಧಿಯೂ ಓಡಲಿಲ್ಲ.

"ಆಚಾರ್ರ ಮಗಾ ಏನ್ರಿ?" ತಿರುಗದೆಯೇ ಕೇಳಿದಳು. ಪಿಸುದನಿ.

"ಹೌದವ್ವಾ. ನಿಮ್ಮೂರಿಗೆ ಹೋಗಿದ್ದೆ. ಕೀಲಿ ಇತ್ತು."

"ಗೊತ್ತೈತ್ರಿ."

ಝಾರಿ ಸೌಟು ಕಡಾಯಿಯ ಅಂಚಿಗೆ ಬಡಿಯಿತು. ಟಣ್.

"ಖಾರ ಎಷ್ಟ ಇರ್ಲಿ?"

"ಅಪ್ಪಗ ಹಾಕೂ ಹಂಗ ಹಾಕವ್ವಾ."

"ಅವರಿಗೆ ಹಾಕೇನ್ರಿ… ನಿಮಗ ಕೇಳಾಕತ್ತೇನಿ."

ಮುದುಕಿಗೆ ಅರಳುಮರಳು ಅಂದುಕೊಂಡ. ಅಷ್ಟರಲ್ಲಿ ಬೆಳಕು ಮುಟ್ಟದ ಮೂಲೆಯಲ್ಲಿ, ಚೀಲಗಳ ಆಚೆ, ಯಾರೋ ಬಿಸಿ ತಿನಿಸಿಗೆ ಊದಿದರು. ಉಫ್… ಉಫ್… ಆಮೇಲೆ ಖಾರಕ್ಕೆ ನಾಲಗೆ ಹೀರಿದ ಸಪ್ಪಳ. ಸ್ಸ್ಸ್… ಯಾರೋ ಗಿರಾಕಿ ಇರಬೇಕು ಅಂದುಕೊಂಡ.

ಕಾಗದದ ಪೊಟ್ಟಣಕ್ಕೆ ದಾರ ಸುತ್ತಿದಳು. ಇವನು ಕೈ ಚಾಚಿದ.

"ಕೈಯಾಗ ಕೊಡಂಗಿಲ್ರಿ. ಬಾವಿ ಕಟ್ಟಿ ಮ್ಯಾಲ ಐತಿ, ತಗೊಂಡ ಹೋಗ್ರಿ."

ಇವನು ಹೊರಳಿ ನೋಡಿದ. ಪೊಟ್ಟಣ ಆಗಲೇ ಕಟ್ಟೆಯ ಮೇಲಿತ್ತು. ಸೂತಕದವನ ಕೈ ಮುಟ್ಟಬಾರದೆಂದು ಹಾಗೆ ಮಾಡಿದಳು, ಪಾಪ, ಅಂದುಕೊಂಡ. ಎತ್ತಿಕೊಂಡರೆ ಬಿಸಿ ಬಿಸಿ, ಕೈತುಂಬ ಭಾರ. ಓಣಿಯ ತಿರುವಿಗೆ ಬಂದಾಗ ಹೊಳೆಯಿತು. ಹಾಲವ್ವನ ಜನ ಲಿಂಗವಂತರು. ಅವರಲ್ಲಿ ಸೂತಕ ಹಿಡಿಯುವುದೇ ಇಲ್ಲ… ಮತ್ತೆ ಯಾಕೆ ಕೈಯಲ್ಲಿ ಕೊಡಲಿಲ್ಲ?

ಹಿಂದೆ ತಿರುಗಿ ನೋಡಲಿಲ್ಲ ಅವನು. ಒಂದೇ ಉಸಿರಿಗೆ ಮನೆ ಸೇರಿದ. ಉಳ್ಳಾಗಡ್ಡಿಯ ಎಣ್ಣೆಯದು ಒಳಗೆ ಒಯ್ಯುವಂತಿಲ್ಲ, ದನದ ಕೊಟ್ಟಿಗೆಯ ಗೂಟಕ್ಕೆ ಎತ್ತರದಲ್ಲಿ ನೇತುಹಾಕಿದ.

ಬೆಳಗಾಯಿತು. ಕೆರೆಯ ದಂಡೆಯಲ್ಲಿ ಅನ್ನದ ಉಂಡೆ ಇಟ್ಟು, ಪುರೋಹಿತರು ಮುಖ ಆಚೆ ತಿರುಗಿಸಿಕೊಂಡ ಮೇಲೆ ಪೊಟ್ಟಣ ತಂದ. ದಾರದ ಗಂಟು ಹಾಕಿದ ಹಾಗೇ ಇತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದ.

ಒಳಗೆ ಏನೂ ಇರಲಿಲ್ಲ. ಬರೀ ಎಣ್ಣೆ ಕುಡಿದ ಕಾಗದ.

ತಡೆದುಕೊಂಡದ್ದೆಲ್ಲ ಆಗ ಒಡೆಯಿತು. ಕಾಗದ ಮುದ್ದೆ ಮಾಡಿ ನೀರಿಗೆಸೆದ.

"ನನ್ನ ಕೈಲೆ ಇನ್ನ ಆಗಂಗಿಲ್ಲಪ್ಪಾ. ಅವ್ವಾ ಸಾಯ್ಲಿಕ್ಕತ್ತಾಳ. ಏನ ಬೇಕೋ ನೀವ ಬಾಯಿಬಿಟ್ಟು ಹೇಳ್ರಿ."

ದನಿ ನೀರಿನ ಮೇಲೆ ಹೋಗಿ ಅಡಗಿತು. ಹುಣಸೆಮರದಿಂದ ಕಾಗೆ ಇಳಿಯಿತು. ಸಾವಕಾಶ ಎರಡು ಹೆಜ್ಜೆ ಕುಪ್ಪಳಿಸಿತು. ಬರೀ ಅನ್ನದ ಉಂಡೆಗೆ ಕೊಕ್ಕು ಹಾಕಿ, ಒಂದು ತುತ್ತು ಎತ್ತಿಕೊಂಡು ಹಾರಿತು.

ಮನೆಗೆ ಬಂದು ಎಲ್ಲ ಹೇಳಿದ. ತುಳಸಾಬಾಯಿ ಕೇಳಿದ್ದು ಒಂದೇ ಮಾತು. ಪೊಟ್ಟಣ ಪೂರ್ತಿ ಖಾಲಿ ಇತ್ತೇನು ಅಂತ. ಹೌದೆಂದ. ಅವರು ಎದ್ದು ಕೈಕಾಲು ತೊಳೆದುಕೊಂಡು ಎಲೆಯ ಮುಂದೆ ಕೂತರು, ಎರಡನೆಯ ಸಲ ಅನ್ನ ಹಾಕಿಸಿಕೊಂಡು ಉಂಡರು.

ಮಧ್ಯಾಹ್ನ ಚಹಾದಂಗಡಿಯ ಗುತ್ತೆಪ್ಪ ಸುದ್ದಿ ತಂದ. ಹಾಲವ್ವ ತೀರಿಕೊಂಡಳಂತೆ. ಇವತ್ತಲ್ಲ, ನಿನ್ನೆ ನಸುಕಿನಲ್ಲಿ. ತವರು ಅಬಲೂರಿಗೆ ಒಯ್ದು, ಹೊತ್ತು ಮುಳುಗುವ ಮೊದಲೇ ಮಣ್ಣು ಮಾಡಿದರಂತೆ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಮಾತ್ರ ಅವತ್ತು ಸಂಜೆ ಕರಬಸಪ್ಪನ ಅಂಗಡಿಯ ಮುಂದೆಯೇ ಇದ್ದೆ. ಬೀಗರ ಮನೆಯಿಂದ ಆಗಷ್ಟೇ ಬಂದು ಕೀಲಿ ತೆಗೆದವನು ಒಳಗೆ ಹೋಗಿ ಬೈಯತೊಡಗಿದ. ಕೀಲಿ ಹಾಕಿದ್ದು ಹಾಕಿದಂತೇ ಇದೆ, ಒಳಗೆ ಯಾವ ಹಲ್ಕಟ್ ಬಂದು ಕೂತು ತಿಂದು ಹೋದ ಅಂತ. ಏನೆಂದು ನಾನು ಇಣುಕಿದೆ. ಮೂಲೆಯ ಯೂರಿಯಾ ಚೀಲದ ಮೇಲೆ ಮಿರ್ಚಿಯ ತೊಟ್ಟುಗಳಿದ್ದವು. ಒಂದರ ಪಕ್ಕ ಒಂದು, ಸಾಲಾಗಿ.