ನಾಲ್ಕು ನಿಮಿಷದ ತೋಟ

ಎಕ್ಸ್‌ರೇ ಸರದಿಯಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ಎದುರು ಗೋಡೆಯಲ್ಲಿ, ಬೆರಳಿಟ್ಟರೆ ಆಸ್ಪತ್ರೆಯ ದಾರಿ ಹೇಳುವ ನಕ್ಷೆಯ ಪರದೆ. ಅದರಲ್ಲಿದ್ದ ತೋಟಕ್ಕಾದರೂ ಹೋಗಿ ಬರೋಣವೆಂದು ಎರಡು ಸಲ ಎದ್ದು, ಸರದಿ ತಪ್ಪೀತೆಂದು ಮತ್ತೆ ಕೂತಿದ್ದೆ. ಅಷ್ಟರಲ್ಲಿ ಅಕ್ಕ ತಮ್ಮ ಇಬ್ಬರು ಆಸ್ಪತ್ರೆಯ ಮೂರನೇ ಸುತ್ತು ಮುಗಿಸಿ ಪರದೆಯ ಮುಂದೆಯೇ ಬಂದು ನಿಂತರು.

“ಮತ್ತೆ ಇಲ್ಲಿಗೇ ಬಂದ್ವಲ್ಲೋ! ಈ ನಕ್ಷೆ ಮಾಡಿದವನು ನೀನೇ ತಾನೇ?”

“ನಾನೇ ಅಕ್ಕ.”

“ಹಾಗಾದ್ರೆ ಶವಾಗಾರ ಎಲ್ಲಿದೆ, ತೋರ್ಸು. ಅಪ್ಪನ್ನ ವಾರ್ಡಿಂದ ತಗೊಂಡು ಹೋಗಿ ಒಂದು ಗಂಟೆ ಆಯ್ತು. ಚಿಕ್ಕಪ್ಪ ಒಬ್ರೇ ಅಲ್ಲಿ ನಿಂತಿದಾರೆ.”

“ಇದರಲ್ಲಿ ಶವಾಗಾರ ಇಲ್ಲ.”

“ಕ್ಯಾಂಟೀನಿಗೆ ಮೂರು ದಾರಿ ಇದೆ, ಅದಕ್ಕೆ ಒಂದೂ ಇಲ್ವಾ?”

“ರೋಗಿಗಳು ನೋಡಿದ್ರೆ ಹೆದರ್ಕೋತಾರೆ, ಆ ಹೆಸರು ತೆಗೀರಿ ಅಂದ್ರು ಇಲ್ಲಿಯವರು. ತೆಗೆದೆ.”

“ಆ ಜಾಗ ಖಾಲಿ ಬಿಟ್ಯಾ?”

“ಖಾಲಿ ಬಿಟ್ರೆ ಚೆನ್ನಾಗಿ ಕಾಣಲ್ಲ ಅಂತ ಹಸಿರು ಬಣ್ಣ ತುಂಬಿ, ತೋಟ ಅಂತ ಬರೆದೆ.”

“ಗೊತ್ತಿದ್ದೂ ನನ್ನ ಮೂರು ಸುತ್ತು ಸುತ್ತಿಸಿದ್ಯಾ?”

“ನಿನ್ನ ಮುಂದೆ ಅದನ್ನ ಒತ್ತೋಕೆ ಕೈ ಬರ್ಲಿಲ್ಲ ಅಕ್ಕ.”

ಅಕ್ಕನೇ ಹಸಿರು ಚೌಕದ ಮೇಲೆ ಬೆರಳಿಟ್ಟಳು. ಪರದೆಯೊಳಗಿನ ಹೆಣ್ಣು ದನಿ ಉತ್ಸಾಹದಿಂದ ಹೇಳಿತು: “ತೋಟಕ್ಕೆ ನಾಲ್ಕು ನಿಮಿಷದ ನಡಿಗೆ. ಹಾಯಾಗಿ ಕಾಲ ಕಳೆಯಿರಿ.”

“ಇದನ್ನೂ ನೀನೇ ಬರೆದಿದ್ದಾ?”

“ಹೂಂ.”

ಅಕ್ಕ ಅವನ ಕೈ ಹಿಡಿದುಕೊಂಡಳು. ಬಾಣದ ಗುರುತು ತೋರಿಸಿದ ಕಡೆಗೆ ಇಬ್ಬರೂ ನಡೆದರು.