ಎರಡು ಬಾಯಿ ದಾಟಿ ಬರೋ 'ಆಯ್ತು'

…ಅಲ್ಲ ಅಕ್ಕ, ನಾನು ನಿಮ್ಮ ಮೇಲೆ ತಪ್ಪು ಹೊರಿಸ್ತಿಲ್ಲ. ಕೂತ್ಕೊಳ್ಳಿ, ಎದ್ದು ಎಲ್ಲಿಗೆ ಹೋಗ್ತೀರಿ? ಆ ಬಾಗಿಲು ಅವರಾಗಿ ಒಳಗಿಂದ ತೆಗೀಬೇಕು, ನಾವು ತಟ್ಟಿದ್ರೆ ತೆಗೆಯಲ್ಲ. ಕೆಂಪು ದೀಪ ಇನ್ನೂ ಉರೀತಿದೆ ನೋಡಿ. ಅಂದ್ರೆ ಆಪರೇಷನ್ ನಡೀತಿದೆ ಅಂತ. ನಡೀತಿದೆ ಅಂದ್ರೆ ಜೀವ ಇದೆ ಅಂತ! ನಿಮ್ಮ ತಮ್ಮ ಹೆಸರಿಗೆ ಗಿಡ್ಡ, ಜೀವ ಗಟ್ಟಿ. ಏನೂ ಆಗಲ್ಲ ಅವನಿಗೆ. ಏನೂ ಆಗಬಾರದು…

ನಾನು ಹೇಳ್ತಿರೋದು ಇಷ್ಟೇ. ಸೂಪರ್‌ವೈಸರ್ ಕೆಳಗೆ ಗಾಡಿ ನಿಲ್ಲಿಸೋಕೆ ಹೋಗಿದಾರೆ. ಮೇಲೆ ಬಂದವರೇ ಕಾಗದ ತೆಗೆದು ಒಂದೇ ಒಂದು ಪ್ರಶ್ನೆ ಕೇಳ್ತಾರೆ: 'ಆಯ್ತು ಅಂತ ದನಿ ಬಂತೋ, ಇಲ್ವೋ?' ನಾನು ಬಂತು ಅಂತೀನಿ. ನೀವೂ… ಹೂಂ?

ಯಾಕೆ ಹಾಗೆ ನೋಡ್ತೀರಿ?

ನಮ್ಮ ಲಾಂಡ್ರಿ ಕಟ್ಟಳೆ ನಿಮಗೆ ನಾನು ಹೇಳ್ಕೊಡಬೇಕಾ? ಹನ್ನೊಂದು ವರ್ಷದಿಂದ ಅದೇ ತಾನೆ. ಗಿಡ್ಡ ಆ ದೊಡ್ಡ ಮಷೀನಿನ ಡ್ರಮ್ಮಿನೊಳಗೆ ಇಳಿದು, ಸುತ್ತಿಕೊಂಡಿರೋ ಬೆಡ್‌ಶೀಟು ಬಿಡಿಸ್ತಾನೆ. ಅವನಷ್ಟು ಸಣ್ಣ ಆಳು ಇನ್ಯಾರಿದಾರೆ, ನಾನು ಇಳಿದ್ರೆ ಎತ್ತೋಕೆ ಕ್ರೇನೇ ತರಿಸಬೇಕು. ಸ್ವಿಚ್ಚು ಇರೋದು ಗೋಡೆ ಆಚೆ, ನನ್ನ ಹತ್ರ. ಬಟ್ಟೆ ಒಣಗಿಸೋ ಮಷೀನುಗಳ ಸದ್ದಲ್ಲಿ ಅವನು ಬಾಯಿ ಹರಿದುಕೊಂಡು ಕೂಗಿದ್ರೂ ನನಗೆ ಕೇಳಲ್ಲ. ಅದಕ್ಕೇ ನಡುಬಾಗಿಲಲ್ಲಿ ನೀವು. ಅವನು ಹೊರಗೆ ಬಂದು ಆಯ್ತು ಅಂತಾನೆ, ನೀವು ನನ್ನ ಕಡೆ ತಿರುಗಿ ಆಯ್ತು ಅಂತೀರಿ. ಎರಡು ಬಾಯಿ ದಾಟಿ ಬಂದ್ಮೇಲೇ ನಾನು ಗುಂಡಿ ಒತ್ತೋದು. ಬಾಗಿಲು ತೆರೆದಿದ್ರೂ ತಿರುಗೋ ಹಳೇ ದೆವ್ವ ಅದು. ನಿಮ್ಮ ದನಿ ಒಂದೇ ಅದಕ್ಕೆ ಕಡಿವಾಣ.

ಇವತ್ತೂ ದನಿ ಬಂತು. ನನ್ನ ಕಿವಿಯಾರೆ ಕೇಳಿದೀನಿ! 'ಆಯ್ತೂ' ಅಂತ, ಕೊನೇಲಿ ಒಂಚೂರು ಎಳೀತೀರಲ್ಲ, ಹಾಗೇ.

ತಲೆ ಅಲ್ಲಾಡಿಸಬೇಡಿ ಅಕ್ಕ. ನಿಮಗೆ ನೆನಪಿರಲ್ಲ. ಆ ಮಾತು ನಿಮ್ಮ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತೆ ಲೆಕ್ಕ ಇಟ್ಟಿದೀರಾ? ತಿಂಡಿ ಆಯ್ತಾ ಅಂದ್ರೆ ಆಯ್ತು. ಮಗಳು ಫೋನಲ್ಲಿ ಗೋಳಾಡಿದ್ರೆ 'ಆಯ್ತಮ್ಮ, ಆಯ್ತು…' ಅಂದ್ರೆ ಅಳಬೇಡ ಅಂತ. ಸೂಪರ್‌ವೈಸರ್ ಬೈದ್ರೆ 'ಆಯ್ತು ಸಾರ್', ಅಂದ್ರೆ ತೊಲಗು ಮಾರಾಯ ಅಂತ. ಹೌದೋ ಅಲ್ವೋ? ನಗ್ತಿದೀರಾ? …ಇಲ್ವಾ? ನಕ್ಕ ಹಾಗೆ ಕಾಣಿಸ್ತು. ನಮ್ಮನೆಯವಳು ಜಗಳದ ಮಧ್ಯೆ 'ಆಯ್ತು ಬಿಡಿ' ಅಂದ್ಲು ಅಂದ್ರೆ ಏನೂ ಆಗಿಲ್ಲ, ಈಗಷ್ಟೇ ಶುರು ಅಂತ! ನಮ್ಮಪ್ಪ ಕೊನೇ ಗಳಿಗೇಲೂ ಅದನ್ನೇ ಅಂದ್ರು. ನಾನು ಚಮಚದಲ್ಲಿ ನೀರು ಹಾಕ್ತಿದ್ದೆ. 'ಆಯ್ತು' ಅಂದ್ರು. ನೀರು ಸಾಕು ಅಂದ್ರೋ, ಬದುಕೇ ಸಾಕು ಅಂದ್ರೋ… ಇವತ್ತಿಗೂ ಗೊತ್ತಿಲ್ಲ ಅಕ್ಕ ನನಗೆ.

ಅಂಥ ಮಾತು ಅದು. ಬೆಳಗ್ಗೆ ಯಾರೋ ಹಿಂದಿಂದ 'ಅಕ್ಕ, ಇಸ್ತ್ರಿ ಆಯ್ತಾ' ಅಂದಿರ್ತಾರೆ, ನೀವು ಆಯ್ತು ಅಂದಿರ್ತೀರಿ. ಅದು ಇತ್ತ ನನ್ನ ಕಿವಿಗೆ ಬಿತ್ತು. ಆಗ ಯಾರ ತಪ್ಪು ಹೇಳಿ? ನಿಮ್ಮದಲ್ಲ. ನನ್ನದೂ ಅಲ್ಲ. ಮಾತಿನ ತಪ್ಪು! ಮಾತಿಗೆ ಯಾರೂ ಕೋಳ ಹಾಕಲ್ಲ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ಸುಮ್ನೆ ಅಂದ್ರಾ ದೊಡ್ಡವರು?

…ಶ್! ಬಾಗಿಲು. ಇಲ್ಲ, ನರ್ಸು. ಬರೀ ಬಟ್ಟೆ ತಗೊಂಡು ಹೋದ್ಲು. ಕೈ ಮುಟ್ಟಿ ನೋಡಿ, ಮಂಜುಗಡ್ಡೆ. ಮುಟ್ಟಲ್ವಾ? ಬೇಡ ಬಿಡಿ. ನನಗೆ ಪೊಲೀಸರ ಭಯ ಇಲ್ಲ ಅಂತಲ್ಲ, ಇದೆ. ಕೆಲಸ ಹೋಗೋ ಭಯಾನೂ ಇದೆ. ಅದೆಲ್ಲಕ್ಕಿಂತ… ಈಗ ಡಾಕ್ಟರ್ ಹೊರಗೆ ಬಂದು 'ಆಯ್ತು' ಅಂದ್ರೆ? ಯಾವ ಆಯ್ತು ಅಂತ ತಿಳ್ಕೋಬೇಕು ನಾವು? ಹೊಲಿಗೆ ಹಾಕಿ ಆಯ್ತು ಅಂತಾನಾ… ಅಥವಾ… ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಒಂದು ಮಾತಾಡಿ ಅಕ್ಕ! ಬೈಯಿರಿ ಬೇಕಾದ್ರೆ. ಬೆಳಗ್ಗೆಯಿಂದ ತುಟಿ ಎರಡು ಮಾಡಿಲ್ಲ ನೀವು. ಗಾಡೀಲಿ ಬರೋವಾಗ ಗಿಡ್ಡನ ತಲೆ ತೊಡೆ ಮೇಲಿಟ್ಕೊಂಡಿದ್ರಿ, ಆಗ ಕೂಡ ಒಂದು ಸದ್ದಿಲ್ಲ. ಯಾರಾದ್ರೂ ಹಾಗೆ ಅಳ್ತಾರಾ, ಸದ್ದೇ ಇಲ್ದೆ? ಬಾಯಿ ತೆರೆದಿತ್ತು, ಕಣ್ಣಲ್ಲಿ ನೀರು ಸುರೀತಿತ್ತು… ನನಗೆ ಹೆದರಿಕೆ ಆಗೋಯ್ತು.

ಏನದು? ಗಂಟಲು ಹಿಡ್ಕೊಂಡು ಏನು ತೋರಿಸ್ತೀರಿ? ನೋವಾ? ಹಾಂ, ಹೇಳಿ… ಹೇಳಿ… ಬರೀ ಗಾಳಿ ಬರ್ತಿದೆ ಅಕ್ಕ. ಅತ್ತೂ ಅತ್ತೂ ಕಟ್ಟಿಕೊಂಡಿದೆ, ಸರಿ ಹೋಗುತ್ತೆ. ಅಲ್ವಾ? ಮತ್ತೆ? ಪರ್ಸಲ್ಲಿ ಏನು ಹುಡುಕ್ತೀರಿ?

ಇದು ಯಾವ ಚೀಟಿ? ಗಂಟಲು ಡಾಕ್ಟರದು… 'ಮೂರು ದಿನ ಮಾತಾಡಕೂಡದು. ಪಿಸುಗುಡಲೂ ಕೂಡದು.' ತಾರೀಕು…

ನಿನ್ನೇದು.

ನಿನ್ನೆಯಿಂದ ದನಿ ಇಲ್ವಾ ನಿಮಗೆ?

ಗಿಡ್ಡನಿಗೆ ಗೊತ್ತಿತ್ತಾ? …ಗೊತ್ತಿತ್ತು. ಈ ಕೈಸನ್ನೆ… ಬೆಳಗ್ಗೆ ನನಗೂ ಚೀಟಿ ತೋರಿಸಬೇಕು ಅಂತ ಬಂದ್ರಿ, ಆದ್ರೆ ನಾನು ಬಂದವನೇ ಯಾರ ಮುಖಾನೂ ನೋಡದೆ ಸ್ವಿಚ್ಚಿನ ಹತ್ರ ಓಡಿದೆ… ಸಾಕು. ಸಾಕು ಅಕ್ಕ, ಚೀಟಿ ಮಡಚಿಡಿ. ಬೇಡ, ಮಡಚಬೇಡಿ. ಅವರಿಗೆ ತೋರಿಸಿ.

ನನಗೆ ಯಾವ ದನೀನೂ ಕೇಳಿಸಲಿಲ್ಲ.

ಇವತ್ತೊಂದೇ ದಿನ ಅಲ್ಲ. ಎಷ್ಟೋ ವರ್ಷದಿಂದ ನಾನು ಕಿವಿ ಕೊಟ್ಟೇ ಇಲ್ಲ. ಗಿಡ್ಡ ಡ್ರಮ್ಮಿಗೆ ಇಳಿದ್ಮೇಲೆ ನೂರು ಎಣಿಸೋದ್ರೊಳಗೆ ನಿಮ್ಮ ಆಯ್ತು ಬಂದೇ ಬರ್ತಿತ್ತು. ಒಂದು ದಿನಾನೂ ತಪ್ಪಿದ್ದಿಲ್ಲ. ಹಾಗಾಗಿ ಎಣಿಸೋದೇ ರೂಢಿ ಆಗೋಯ್ತು. ನೂರು ಆಗ್ತಿದ್ದ ಹಾಗೆ ಕೈ ತಾನಾಗಿ ಗುಂಡಿ ಒತ್ತುತ್ತೆ. ದನಿ ಬಂತಾ ಅಂದ್ರೆ ಬಂತು ಅನ್ಸುತ್ತೆ. ದೇವರಾಣೆಗೂ ಹಾಗೇ ಅನ್ಸುತ್ತೆ. ಇವತ್ತು ಒಳಗೆ ನಿನ್ನೆ ಬಿಟ್ಟುಹೋದ ಒದ್ದೆ ಬಟ್ಟೆ ಇತ್ತು, ಗಂಟು ಬಿದ್ದಿತ್ತು, ಅವನಿಗೆ ಹೊತ್ತು ಹಿಡೀತು…

ಬೂಟಿನ ಸದ್ದು. ಸೂಪರ್‌ವೈಸರ್ ಮೆಟ್ಟಿಲು ಹತ್ತುತ್ತಿದಾರೆ. ನೀವೇನೂ ಬರೀಬೇಡಿ ಅಕ್ಕ, ನಾನೇ ಹೇಳ್ತೀನಿ. ಎಲ್ಲಾ ಹೇಳ್ತೀನಿ. ಒಂದು ಮಾತ್ರ ಅವರ ಮುಂದೆ ಹೇಳೋಕೆ ನನ್ನಿಂದ ಆಗಲ್ಲ. ಅದನ್ನ ನೀವೂ ಹೇಳಬೇಡಿ, ನಿಮ್ಮ ಕಾಲು ಹಿಡೀತೀನಿ.

ನನಗೆ ನೀವು ಕಾಣಿಸ್ತಿದ್ರಿ. ನಡುಬಾಗಿಲಿಂದ ನನ್ನ ಕಡೆ ಓಡಿ ಬರ್ತಿದ್ರಿ, ಎರಡೂ ಕೈ ಮೇಲೆತ್ತಿ ಬೀಸ್ತಾ, ಬಾಯಿ ಅಗಲ ತೆರೆದು. ಇದೇನು ಅಕ್ಕ ಇವತ್ತು ಇಷ್ಟು ಖುಷಿಯಾಗಿದಾರಲ್ಲ ಅಂದ್ಕೊಂಡೆ. ಬಲಗೈ ಗುಂಡಿ ಮೇಲಿತ್ತು, ಒತ್ತಿದೆ.

ಎಡಗೈ ಎತ್ತಿ ನಾನೂ ನಿಮಗೆ ಬೀಸಿದೆ.